ಹತ್ತೊಂಬತ್ತನೇ ಕುದುರೆ ದಂಡು ಮತ್ತು ನಮ್ಮ ಸೀಮೆ

ನಾವು ಹೈಸ್ಕೂಲಿನಲ್ಲಿ ಓದಿದ ಇತಿಹಾಸದಲ್ಲಿ ಮೈಸೂರು ಯುದ್ಧಗಳು 1799ರ ಮೇ 4ಕ್ಕೆ ಮುಗಿಯುತ್ತವೆ. ಟಿಪ್ಪು ಸುಲ್ತಾನ್ ಮಡಿದರು, ಶ್ರೀರಂಗಪಟ್ಟಣ ಬಿತ್ತು, ಅಲ್ಲಿಗೆ ಪಾಠ ಮುಗಿಯಿತು. ಆದರೆ ನಮ್ಮ ಕಡೆಯ ಊರುಗಳಲ್ಲಿ ಕುದುರೆಗಳ ಓಡಾಟ ನಿಲ್ಲಲು ಇನ್ನೂ 16 ತಿಂಗಳು ಬೇಕಾದವು. ಚನ್ನಗಿರಿಯಲ್ಲಿ ಹುಟ್ಟಿದ ಒಬ್ಬ ಸವಾರ ಮತ್ತು ಇಂಗ್ಲೆಂಡಿನಿಂದ ಬಂದ ಒಂದು ಕುದುರೆ ದಂಡು ಆ ತಿಂಗಳುಗಳ ಕಥೆಯಲ್ಲಿ ಎದುರುಬದುರಾಗುತ್ತವೆ.

ಆ ದಂಡಿನ ಹೆಸರು 19ನೇ ಲೈಟ್ ಡ್ರಾಗೂನ್ಸ್. ಡ್ರಾಗೂನ್ ಎಂದರೆ ಕುದುರೆ ಸವಾರ ಸೈನಿಕ. 1781ರಲ್ಲಿ ಈ ದಂಡನ್ನು ಕಟ್ಟಿದಾಗ ಅದರ ಸಂಖ್ಯೆ 23. 1786ರಲ್ಲಿ ಅದು 19 ಆಯಿತು. ಹೈದರಾಲಿಯ ಕುದುರೆ ಸೈನ್ಯದ ಎದುರು ಕಂಪನಿ ತತ್ತರಿಸುತ್ತಿದ್ದ ಕಾಲದಲ್ಲಿ, 1782ರಲ್ಲಿ, ಅದು ಮದರಾಸಿಗೆ ಬಂದಿಳಿಯಿತು. ಭಾರತದಲ್ಲಿ ಸೇವೆ ಮಾಡಿದ ಮೊದಲ ಬ್ರಿಟಿಷ್ ಅಶ್ವದಳವೇ ಇದು. ಕರ್ನಲ್ ಫ್ಲಾಯ್ಡ್ ಮುಂದಾಳತ್ವದಲ್ಲಿ ಮೂರನೇ ಮೈಸೂರು ಯುದ್ಧದಲ್ಲಿ ಕಾದಿತು. 1799ರ ಮಾರ್ಚ್ 27ರ ಮಳವಳ್ಳಿ ಕದನದಲ್ಲೂ ಇತ್ತು.

ಇನ್ನು ನಮ್ಮ ಕಡೆಯವನು ಧೋಂಡಿಯಾ ವಾಘ್. ಚನ್ನಗಿರಿಯ ಮರಾಠಾ ಮನೆತನದವನು. ಹೈದರಾಲಿಯ ಕುದುರೆ ಸೈನ್ಯದಲ್ಲಿ ಸವಾರನಾಗಿದ್ದ. 1792ರ ಯುದ್ಧದ ಹೊತ್ತಿಗೆ ಸೈನ್ಯ ಬಿಟ್ಟು ಧಾರವಾಡದ ಕಡೆ ಹೋಗಿ ಸ್ವಂತ ದಂಡು ಕಟ್ಟಿದ. ಮುಂದೆ ಟಿಪ್ಪುವೇ ಅವನನ್ನು ಸೆರೆಯಲ್ಲಿಟ್ಟರು. ಕೋಟೆ ಬಿದ್ದ ದಿನದ ಗದ್ದಲದಲ್ಲಿ ಹೊರಬಂದವನು, ಕೆಲಸ ಕಳೆದುಕೊಂಡಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ಬಿದನೂರು, ಶಿಕಾರಿಪುರದ ಸೀಮೆಯನ್ನು ಹಿಡಿದ. ತನ್ನನ್ನು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡ. ಕೆಲವರ ಬರಹದಲ್ಲಿ ಅವನು ದರೋಡೆಕೋರ, ಕೆಲವರಿಗೆ ಸ್ವಾತಂತ್ರ್ಯ ವೀರ. ಅವನ ದಂಡು ಹಳ್ಳಿಗಳನ್ನು ಸುಲಿದದ್ದೂ ನಿಜ, ಕಂಪನಿಗೆ ತಲೆಬಾಗಲಿಲ್ಲ ಎಂಬುದೂ ನಿಜ.

1799ರ ಆಗಸ್ಟಿನಲ್ಲಿ ಕಂಪನಿಯ ದಳಗಳು ಶಿಕಾರಿಪುರದಲ್ಲಿ ಅವನನ್ನು ಸೋಲಿಸಿದವು. ಅವನು ಮರಾಠರ ಸೀಮೆಗೆ ದಾಟಿ, ಮರುವರ್ಷ ಇನ್ನೂ ದೊಡ್ಡ ಸೈನ್ಯ ಕಟ್ಟಿದ. ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್, ಬಟಾವಿಯಾ ದಂಡಯಾತ್ರೆಯ ಅವಕಾಶವನ್ನು ಬಿಟ್ಟು ಇವನ ಬೆನ್ನು ಹತ್ತಿದ. ಚಿತ್ರದುರ್ಗದ ಮೇಲೆ ಬಂದ ಸೈನ್ಯ 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿತು. ರಾಣೆಬೆನ್ನೂರು, ಕುಂದಗೋಳ, ಡಂಬಳ ಒಂದೊಂದಾಗಿ ಬಿದ್ದವು. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಮುಖಾಮುಖಿ. ಧೋಂಡಿಯಾನ ಹತ್ತಿರ ಸುಮಾರು 5,000 ಕುದುರೆ. ವೆಲ್ಲೆಸ್ಲಿ 19 ಮತ್ತು 25ನೇ ಡ್ರಾಗೂನ್ಸ್, ಜೊತೆಗೆ ಮದರಾಸಿನ ಎರಡು ದೇಶೀ ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಸತ್ತ. ಅವನ ಹೆಣವನ್ನು 19ನೇ ದಂಡಿನ ಫಿರಂಗಿ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಸಾಮಾನುಗಳ ನಡುವೆ ಸಿಕ್ಕ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದ, ಊರಿಗೆ ಹೋಗುವಾಗ ಅವನ ಖರ್ಚಿಗೆ ಹಣವನ್ನೂ ಇಟ್ಟು ಹೋದ.

ಈ ಗೆಲುವಿಗೆ ಕತ್ತಿಯ ಜೊತೆ ಇನ್ನೊಂದು ಕಾರಣವೂ ಇತ್ತು. ಆ ದಿನಗಳ ವೆಲ್ಲೆಸ್ಲಿಯ ಪತ್ರಗಳಲ್ಲಿ ಎತ್ತು, ಅಕ್ಕಿ, ಕುದುರೆ ಮೇವಿನ ಮಾತು ಮತ್ತೆ ಮತ್ತೆ ಬರುತ್ತದೆ. ಮೇವು ತಪ್ಪಿದರೆ ಎಂಥ ಕುದುರೆಯೂ ಓಡದು. ದಕ್ಷಿಣದ ಲಾಯಗಳಲ್ಲಿ ಕುದುರೆಗೆ ಬೇಯಿಸಿ ಹಾಕುತ್ತಿದ್ದುದು ಹುರುಳಿ. ಇಂಗ್ಲಿಷರು ಅದನ್ನು ಕರೆಯುವುದೇ ‘ಹಾರ್ಸ್ ಗ್ರಾಂ’ ಎಂದು. ಕಡಿಮೆ ಮಳೆಗೂ ಕೈಗೆ ಬರುವ ಈ ಕಾಳು ನಮ್ಮ ಜಗಳೂರಿನ ಹೊಲಗಳಿಗೆ ಹೊಸದಲ್ಲ. ದವಸವನ್ನು ಎತ್ತುಗಳ ಮೇಲೆ ಹೇರಿಕೊಂಡು ಸೈನ್ಯದ ಹಿಂದೆ ನಡೆದವರು ಲಂಬಾಣಿಗಳು. ಇಂದು ನಮ್ಮ ತಾಲ್ಲೂಕಿನಲ್ಲೂ ಅವರ ತಾಂಡಾಗಳಿವೆ. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲೇ. ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ ರಾಸುಗಳೂ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಪಾಲಾದವು. ದಿವಾನ್ ಪೂರ್ಣಯ್ಯನವರ ಮೈಸೂರು ಸರ್ಕಾರದ ಸಹಾಯವೂ ಇತ್ತು. ನಮ್ಮ ಸೀಮೆಯ ಒಬ್ಬ ಸವಾರನನ್ನು ಹಿಡಿಯಲು ಬಂದ ದಂಡಿಗೆ ಬಲ ಕೊಟ್ಟದ್ದು ಈ ನೆಲದ ಕಾಳು, ಈ ನೆಲದ ಎತ್ತು.

ಆ ದಂಡು ಮುಂದೆ 1803ರ ಸೆಪ್ಟೆಂಬರ್ 23ರಂದು ಮರಾಠರ ವಿರುದ್ಧ ಅಸಾಯೆಯಲ್ಲಿ ಹೋರಾಡಿ, ಆನೆಯ ಲಾಂಛನ ಪಡೆಯಿತು. 1806ರ ಜುಲೈ 10ರಂದು ವೆಲ್ಲೂರಿನ ಸಿಪಾಯಿಗಳು ದಂಗೆ ಎದ್ದಾಗ ಆರ್ಕಾಟಿನಿಂದ ಓಡಿಬಂದು ಅದನ್ನು ಹತ್ತಿಕ್ಕಿತು. ಅಂದು ನೂರಾರು ಸಿಪಾಯಿಗಳು ಸತ್ತರು. ಆಮೇಲೆ ತವರಿಗೆ ಮರಳಿ, ಕೆನಡಾದಲ್ಲಿ ಅಮೆರಿಕನ್ನರೊಡನೆ ಕಾದಿತು. 1821ರಲ್ಲಿ ಖರ್ಚು ಉಳಿಸಲು ಅದನ್ನೇ ವಿಸರ್ಜಿಸಿದರು. 40 ವರ್ಷಕ್ಕೆ ಅದರ ಆಯುಷ್ಯ ಮುಗಿಯಿತು.

ದಂಡು ಹೋದರೂ ಅದರ ಚರಿತ್ರೆ ಉಳಿಯಿತು: ಅಧಿಕಾರಿಗಳ ಹೆಸರು, ತಾರೀಖು, ಬಿರುದು ಎಲ್ಲವೂ ಬರವಣಿಗೆಯಲ್ಲಿವೆ. ಅವರು ಬರೆದಿಟ್ಟರು, ಅದಕ್ಕೇ ಉಳಿಯಿತು. ಹುರುಳಿ ಬೆಳೆದವರ, ಎತ್ತು ಹೊಡೆದವರ ಹೆಸರು ಒಂದೂ ನಮಗೆ ಸಿಗುವುದಿಲ್ಲ.

ನಮ್ಮ ಶಾಲೆಗೂ ಈಗ 50 ವರ್ಷ. ಈ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯರ, ದಾನಿಗಳ, ರ್‍ಯಾಂಕ್ ಪಡೆದವರ ಹೆಸರು ಬರುವುದು ಸರಿಯೇ. ಗಂಟೆ ಬಾರಿಸಿದವರು, ಬಿಸಿಯೂಟ ಬೇಯಿಸಿದ ಅಮ್ಮಂದಿರು, ಮಗನನ್ನೋ ಮಗಳನ್ನೋ ಹೊಲದ ಕೆಲಸ ಬಿಡಿಸಿ ಶಾಲೆಗೆ ಕಳಿಸಿದ ಹಿರಿಯರು, ಇವರ ಹೆಸರೂ ಸೇರಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ, ತಾಂಡಾದ ಹಿರಿಯರ ಬಳಿ ಕೂತು ಕೇಳಿ ಬರೆದುಕೊಟ್ಟರೆ ಸಾಕು. ಕೇಳಲು ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.