ಗೋಡೆಯ ಹೊರಗಿನ ಕೊಳವೆ

ಇಂಗ್ಲೆಂಡಿನ ಯಾವುದೇ ಹಳೆಯ ಊರಿನಲ್ಲಿ ಮನೆಗಳ ಹಿತ್ತಲ ಓಣಿಯಲ್ಲಿ ಒಮ್ಮೆ ನಡೆದು ನೋಡಬೇಕು. ಇಟ್ಟಿಗೆ ಗೋಡೆಯ ಮೇಲೆ ಕಪ್ಪು ಬಣ್ಣ ಬಳಿದ ಬೀಡುಕಬ್ಬಿಣದ ಕೊಳವೆಗಳು ಮೇಲಿಂದ ಕೆಳಕ್ಕೆ ಇಳಿದಿರುತ್ತವೆ. ದಪ್ಪನೆಯದು ಕಕ್ಕಸಿನದು, ಸಣ್ಣವು ಬಚ್ಚಲಿನವು, ಅಡುಗೆಮನೆಯವು. ಪ್ರತಿ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವ ದೇಶದಲ್ಲಿ ನೀರು ಹರಿಯುವ ಕೊಳವೆಯನ್ನು ಹೀಗೆ ಗೋಡೆಯಾಚೆ ಬಯಲಿಗೆ ಒಡ್ಡಿದವರು ಯಾರು, ಯಾಕೆ? ಲೀಡ್ಸ್ ನಗರದಲ್ಲಿ ನೀರಿನಿಂದ ಹಾಳಾದ ಮನೆಗಳನ್ನು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲೇ ಈ ಪ್ರಶ್ನೆ ನನ್ನ ಬೆನ್ನು ಹತ್ತಿತು. ಹಳೆಯ ಕಾನೂನು, ಹಳೆಯ ಪತ್ರಿಕೆ, ಹಳೆಯ ಕೆಲಸಗಾರರ ಮಾತು ಎಲ್ಲವನ್ನೂ ಕೆದಕಿದ ಮೇಲೆ ಒಂದು ಮಾತು ಖಚಿತವಾಯಿತು. ಕೊಳವೆ ಒಡೆಯುವುದು ಯಾವುದೋ ಒಂದು ಚಳಿಯ ರಾತ್ರಿ. ಆದರೆ ಅದರ ಹಣೆಬರಹ ಬರೆದದ್ದು ಎಷ್ಟೋ ದಶಕಗಳ ಹಿಂದೆ, ಅದು ಹಾಯುವ ದಾರಿಯನ್ನು ಗೊತ್ತುಮಾಡಿದ ದಿನ.

ಅಟ್ಟದಿಂದ ಶುರುಮಾಡುತ್ತೇನೆ. ಇಲ್ಲಿನ ಹಳೆಯ ಮನೆಗಳ ಅಟ್ಟದಲ್ಲಿ, ಸ್ಲೇಟುಕಲ್ಲಿನ ಮಾಡಿನ ಕೆಳಗೆ, ತಣ್ಣೀರಿನ ತೊಟ್ಟಿಯೊಂದು ಕೂತಿರುತ್ತದೆ. ಹುಬ್ಬಳ್ಳಿಯಲ್ಲಿ ಬೆಳೆದ ನನಗೆ ಅದು ಯಾಕಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಳ ಬರುವ ದಿನಕ್ಕೆ ಕಾದಿದ್ದು, ಬಂದ ಕೂಡಲೇ ಹಂಡೆ, ಕೊಡ, ಬ್ಯಾರಲ್ಲು, ಮಾಳಿಗೆಯ ಮೇಲಿನ ಟಾಕಿ ಎಲ್ಲವನ್ನೂ ತುಂಬಿಸಿಕೊಳ್ಳುವ ಊರು ನಮ್ಮದು. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಸ್ಥಿತಿಯೂ ಹಾಗೇ ಇತ್ತು. ಎಂಟು ಖಾಸಗಿ ಕಂಪನಿಗಳು ನಗರವನ್ನು ಹಂಚಿಕೊಂಡಿದ್ದವು; ಬಹಳಷ್ಟು ಬೀದಿಗಳಿಗೆ ದಿನದಲ್ಲಿ ಕೆಲವೇ ಗಂಟೆ ನೀರು. ಉಳ್ಳವರು ತೊಟ್ಟಿ ಕಟ್ಟಿಸಿಕೊಂಡರು, ಇಲ್ಲದವರು ವಠಾರದ ಒಂದೇ ನಲ್ಲಿಯ ಮುಂದೆ ಸಾಲು ನಿಂತರು. ಇಡೀ ದಿನ ನೀರು ಕೊಡಿಸಲು ದಾರಿಮಾಡಿಕೊಟ್ಟ ಕಾಯಿದೆ 1871ರಲ್ಲಿ ಬಂತು. ಅದು ನಗರದ ತುಂಬ ಜಾರಿಯಾಗಲು ದಶಕಗಳೇ ಹಿಡಿದವು. ಅಷ್ಟರಲ್ಲಿ ಅಟ್ಟದ ತೊಟ್ಟಿ ಮನೆ ಕಟ್ಟುವವರ ಕೈಗೆ ರೂಢಿಯಾಗಿಬಿಟ್ಟಿತ್ತು. ನೀರಿನ ಅಭಾವ ಹೋದರೂ ತೊಟ್ಟಿ ಉಳಿಯಿತು. ಮನೆಯ ಅತ್ಯಂತ ತಣ್ಣನೆಯ ಮೂಲೆಯಲ್ಲಿ ನೂರಾರು ಲೀಟರ್ ನೀರು ಮಲಗುವ ಮಂಚದ ನೇರ ಮೇಲೆ ಕೂತದ್ದು ಹೀಗೆ.

ಹೊರಗೋಡೆಯ ಕೊಳವೆಗಳ ಕತೆ ಬೇರೆ. ಅದರ ಮುಖ್ಯ ಘಟನೆ ನಡೆದದ್ದು ನಮ್ಮ ಯಾರ್ಕ್‌ಶೈರಿನ ಕಡಲ ಕಡೆ. 1871ರ ಕೊನೆಯ ತಿಂಗಳುಗಳಲ್ಲಿ ವಿಕ್ಟೋರಿಯಾ ರಾಣಿಯ ಹಿರಿಮಗ ಎಡ್ವರ್ಡ್ ಸ್ಕಾರ್‌ಬರೋ ಊರಿನ ಶ್ರೀಮಂತರ ಬಂಗಲೆಯೊಂದರಲ್ಲಿ ಅತಿಥಿಯಾಗಿದ್ದ. ಹಿಂತಿರುಗಿದ ಮೇಲೆ ಟೈಫಾಯ್ಡ್ ಹಿಡಿದು ಸಾವಿನ ಅಂಚಿಗೆ ಹೋಗಿ ಬದುಕಿದ. ಅದೇ ಬಂಗಲೆಯಲ್ಲಿ ತಂಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲ್ ಬದುಕಲಿಲ್ಲ. ರಾಜಕುಮಾರನ ಕುದುರೆ ಆಳೂ ಸತ್ತ. ಚರಂಡಿಯಿಂದ ಏಳುವ ಗಾಳಿಯೇ ಇದಕ್ಕೆ ಕಾರಣ ಎಂದು ಜನ ನಂಬಿದರು. ದುರ್ವಾಸನೆ ರೋಗ ತರುತ್ತದೆ ಎಂಬುದು ಆಗಿನ ವೈದ್ಯರಲ್ಲೂ ಬೇರೂರಿದ್ದ ನಂಬಿಕೆ. ಭಾವಿ ದೊರೆಯನ್ನೇ ಬಿಡದ ಗಾಳಿ ನಮ್ಮನ್ನು ಬಿಟ್ಟೀತೇ ಎಂಬ ಹೆದರಿಕೆ ಮನೆಮನೆಗೆ ಹಬ್ಬಿತು. ಕಕ್ಕಸಿನ ಕೊಳವೆ ಮನೆಯೊಳಗೆ ಇರಕೂಡದು, ಆದಷ್ಟೂ ಹೊರಗೋಡೆಯ ಮೇಲೇ ಇಳಿಯಬೇಕು ಎಂಬ ನಿಯಮಗಳು ಬಂದವು; 1891ರ ಸಾರ್ವಜನಿಕ ಆರೋಗ್ಯ ಕಾಯಿದೆಯ ನಂತರ ಲಂಡನ್ನಿನಲ್ಲಿ ಅದೇ ಕಟ್ಟುಕಟ್ಟಳೆಯಾಯಿತು. ಟೈಫಾಯ್ಡಿಗೆ ಕಾರಣವಾದ ಜೀವಾಣುವನ್ನು ಜರ್ಮನಿಯ ಕಾರ್ಲ್ ಎಬರ್ಟ್ 1880ರಲ್ಲೇ ಗುರುತಿಸಿದ್ದರೂ ಗಾಳಿಯ ಭಯ ಹೋಗಲಿಲ್ಲ.

ಆ ಕಾಲದವರನ್ನು ದಡ್ಡರೆಂದು ಕರೆಯಲು ನನಗೆ ಮನಸ್ಸಿಲ್ಲ. ಸೀಸದ ಕೊಳವೆಗಳು ಸವೆದು, ಬೆಸುಗೆ ಬಿಟ್ಟು, ಗೋಡೆಯೊಳಗೆ ಹೊಲಸು ಸೋರುತ್ತಿದ್ದದ್ದು ನಿಜ. ಕೊಳವೆ ಹೊರಗಿದ್ದರೆ ಸೋರಿಕೆ ಕಣ್ಣಿಗೆ ಬೀಳುತ್ತದೆ, ಮನೆಯವರಿಗೆ ತಟ್ಟುವುದಿಲ್ಲ. ಒಂದು ಅಪಾಯವನ್ನು ತಡೆಯಲು ಮಾಡಿದ ಏರ್ಪಾಡು ಇನ್ನೊಂದಕ್ಕೆ ಬಾಗಿಲು ತೆರೆಯಿತು, ಅಷ್ಟೆ.

ಮೊದಲ ದೊಡ್ಡ ಹೊಡೆತ 1895ರ ಫೆಬ್ರುವರಿಯಲ್ಲಿ ಬಿತ್ತು. ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಉಷ್ಣತೆ ಮೈನಸ್ 27.2 ಡಿಗ್ರಿಗೆ ಇಳಿದದ್ದು ಆಗಲೇ. ಲಂಡನ್ನಿನಲ್ಲಿ ಆಳವಾಗಿ ಹೂಳದ ಬೀದಿ ಕೊಳವೆಗಳೇ ಹೆಪ್ಪುಗಟ್ಟಿದವು. ಕಂಪನಿಗಳು ರಸ್ತೆಯಲ್ಲಿ ತಾತ್ಕಾಲಿಕ ನಲ್ಲಿಗಳನ್ನು ನಿಲ್ಲಿಸಬೇಕಾಯಿತು. ಹೆಂಗಸರು, ಮಕ್ಕಳು ಬಕೆಟ್ಟು ಹಿಡಿದು ಹಿಮದಲ್ಲಿ ಕಾದರು. ಕಂಪನಿಗಳ ಮೇಲೆ ಮೊದಲೇ ಇದ್ದ ಜನರ ಸಿಟ್ಟಿಗೆ ಆ ಚಳಿಯೂ ಸೇರಿತು. 1902ರ ಕಾಯಿದೆಯ ಪ್ರಕಾರ ಎಂಟೂ ಕಂಪನಿಗಳನ್ನು ಒಂದು ಸಾರ್ವಜನಿಕ ಮಂಡಳಿ ವಹಿಸಿಕೊಂಡಿತು.

ಇಲ್ಲಿ ಕೊಳವೆ ಒಡೆಯುವ ಬಗೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ನಾನು ಭೇಟಿ ಕೊಡುವ ಮನೆಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಮಂಜುಗಡ್ಡೆ ಕೊಳವೆಯ ಗೋಡೆಯನ್ನು ಒಳಗಿನಿಂದ ಒತ್ತಿ ಸೀಳುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಬಹಳಷ್ಟು ಸಲ ಆಗುವುದು ಬೇರೆ. ಒಂದು ಕಡೆ ಗಡ್ಡೆ ಕಟ್ಟಿಕೊಂಡು ದಾರಿ ಮುಚ್ಚಿದಾಗ, ಆ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಇನ್ನೂ ದ್ರವವಾಗಿರುವ ನೀರು ಸಿಕ್ಕಿಕೊಳ್ಳುತ್ತದೆ. ಗಡ್ಡೆ ಬೆಳೆದಂತೆಲ್ಲ ಅಲ್ಲಿ ಒತ್ತಡ ಏರುತ್ತ ಹೋಗಿ, ಹಿಮವೇ ಇಲ್ಲದ ಜಾಗದಲ್ಲಿ ಕೊಳವೆ ಬಿರಿಯುತ್ತದೆ. ನಲ್ಲಿಯನ್ನು ತುಸು ಬಿಟ್ಟಿಡಿ ಎನ್ನುವುದು ಅದಕ್ಕೇ: ಒತ್ತಡಕ್ಕೆ ಹೊರದಾರಿ ಸಿಗುತ್ತದೆ. 1990ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗ ಮಾಡಿಯೇ ತೋರಿಸಿದರು. ಹೊದಿಕೆಯಿಲ್ಲದ ಕೊಳವೆಗಳಿರುವ ಅಟ್ಟಗಳಿಗೆ ಹೊರಗಿನ ಉಷ್ಣತೆ ಮೈನಸ್ 7 ಡಿಗ್ರಿಗೆ ಇಳಿಯುವುದೇ ಎಚ್ಚರಿಕೆಯ ಗೆರೆ ಎಂದರು.

ಬಿರಿದ ಕೊಳವೆ ಆಗಲೇ ಸೋರುವುದಿಲ್ಲ. ಗಡ್ಡೆಯೇ ಬಿರಡೆಯ ಹಾಗೆ ನೀರನ್ನು ತಡೆದಿರುತ್ತದೆ. ಬಿಸಿಲು ಬಂದು, ಜನ ಹಗುರಾಗಿ ಉಸಿರುಬಿಟ್ಟ ದಿನ ಅದು ಕರಗುತ್ತದೆ. ಹಾಗಾಗಿ ಈ ದೇಶದ ಪ್ಲಂಬರುಗಳಿಗೆ ಹಿಮ ಬೀಳುವ ವಾರಕ್ಕಿಂತ ಹಿಮ ಕರಗುವ ವಾರವೇ ಕಷ್ಟದ್ದು.

1963 ಅದನ್ನು ಇಡೀ ದೇಶಕ್ಕೆ ಕಲಿಸಿತು. 1962ರ ಡಿಸೆಂಬರ್ 26ರಂದು ಶುರುವಾದ ಹಿಮ ಮಾರ್ಚ್ ಮೊದಲ ವಾರದವರೆಗೆ ನೆಲ ಬಿಡಲಿಲ್ಲ. ಇಂಗ್ಲೆಂಡಿನ ಮಧ್ಯಭಾಗದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆಯೇ ಮೈನಸ್ 2.1 ಡಿಗ್ರಿ, 1740ರ ನಂತರ ಅಂಥ ಚಳಿಗಾಲ ಬಂದಿರಲಿಲ್ಲ. ಕೆಂಟ್ ಕರಾವಳಿಯಲ್ಲಿ ಸಮುದ್ರವೇ ಹೆಪ್ಪುಗಟ್ಟಿತು. ಬಹುಪಾಲು ಮನೆಗಳಲ್ಲಿ ಒಂದು ಕೋಣೆಯಲ್ಲಿ ಮಾತ್ರ ಕಲ್ಲಿದ್ದಲ ಒಲೆ; ಉಳಿದ ಕೋಣೆಗಳ ಕಿಟಕಿಗಾಜಿಗೆ ಒಳಗಡೆಯೇ ಹಿಮ. ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್ ಆಗ ಇಬ್ಬರು ಪುಟ್ಟ ಮಕ್ಕಳೊಂದಿಗೆ ಲಂಡನ್ನಿನ ಬಾಡಿಗೆ ಮನೆಯಲ್ಲಿದ್ದಳು. ಅಲ್ಲಿನ ಹೆಪ್ಪುಗಟ್ಟಿದ ಕೊಳವೆಗಳ ಬಗ್ಗೆಯೇ ಒಂದು ಪ್ರಬಂಧ ಬರೆದಳು.

ನಮ್ಮ ಬೀದಿಯಲ್ಲಿರುವ ಅಜ್ಜನೊಬ್ಬರು ಆ ಚಳಿಗಾಲದಲ್ಲಿ ಪ್ಲಂಬರರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗ. ಬ್ಲೋಲ್ಯಾಂಪು, ಕರಗಿಸುವ ಬೆಸುಗೆಯ ಕಡ್ಡಿ, ಕೊಬ್ಬು ಸವರಿದ ದಪ್ಪ ಬಟ್ಟೆ ಹೊತ್ತು ಯಜಮಾನರ ಹಿಂದೆ ಮನೆಯಿಂದ ಮನೆಗೆ ಓಡಿದ್ದನ್ನು ಅವರು ಇಂದಿಗೂ ಬಿಡಿಬಿಡಿಯಾಗಿ ಹೇಳುತ್ತಾರೆ. ಸೀಸ ಮೆತ್ತಗಿನ ಲೋಹ. ಒಡೆಯುವ ಮೊದಲು ಉಬ್ಬುತ್ತದೆ, ಆಮೇಲೆ ಉದ್ದಕ್ಕೆ ಸೀಳುತ್ತದೆ. ಸೀಳಿದ ಜಾಗದ ಹಿಂದೆ ಸುತ್ತಿಗೆಯಿಂದ ಬಡಿದು ಕೊಳವೆಯನ್ನು ಚಪ್ಪಟೆ ಮಾಡಿ ನೀರು ನಿಲ್ಲಿಸುವುದು ಹುಡುಗರ ಪಾಲಿನ ಕೆಲಸ. ಬಳಿಕ ಯಜಮಾನರು ಹೊಸ ತುಂಡು ಇಟ್ಟು, ಕರಗಿದ ಬೆಸುಗೆಯನ್ನು ಬಟ್ಟೆಯಿಂದ ಸುತ್ತ ಸವರಿ ಗುಂಡಗೆ ತೀಡುತ್ತಿದ್ದರು. ಅಂಥ ಬೆಸುಗೆಗಳು ಲೀಡ್ಸಿನ ನೆಲಮಾಳಿಗೆಗಳಲ್ಲಿ ಇಂದಿಗೂ ನನಗೆ ಸಿಗುತ್ತವೆ. ಪ್ರತಿಯೊಂದರಲ್ಲೂ ಒಂದು ಕೈಯ ಗುರುತಿದೆ. ಬ್ಲೋಲ್ಯಾಂಪಿನ ಉರಿ ಗೋಡೆಯ ಮರಕ್ಕೆ ತಗುಲಿ ನೀರಿನ ಮನೆ ಬೆಂಕಿಯ ಮನೆಯಾದದ್ದನ್ನೂ ಅಜ್ಜ ಕಂಡಿದ್ದಾರೆ.

ಹೊರಗೋಡೆಯ ಕೊಳವೆಗಳ ಸಂಕಟ ಇನ್ನೊಂದು ಬಗೆಯದು. ನಲ್ಲಿಯಿಂದ ತೊಟ್ಟಿಕ್ಕುವ ಒಂದೊಂದೇ ಹನಿ ಹೊರಗಿನ ಕೊಳವೆ ತಲುಪಿ ಅಲ್ಲೇ ಗಟ್ಟಿಯಾಗುತ್ತ, ಪದರ ಪದರವಾಗಿ ಬೆಳೆದು ದಾರಿ ಮುಚ್ಚುತ್ತದೆ. ಬಚ್ಚಲಿಗೆ ಸುರಿದ ನೀರು ಹೋಗುವುದಿಲ್ಲ. ಮೇಲಿನ ಮನೆಯವರ ಕೊಳೆನೀರು ಕೆಳಗಿನವರ ಸ್ನಾನದ ತೊಟ್ಟಿಯಲ್ಲಿ ಏಳುತ್ತದೆ. ಸ್ಕಾರ್‌ಬರೋದ ಭಯ ಕಟ್ಟಿಸಿದ ಏರ್ಪಾಡು ಹೀಗೆ ತೊಂಬತ್ತು ವರ್ಷಗಳ ಮೇಲೆ ಹೊಲಸನ್ನು ಮತ್ತೆ ಮನೆಯೊಳಗೇ ತಂದಿತು.

ಮಾರ್ಚ್ 6ರ ಬೆಳಗ್ಗೆ ದೇಶದಲ್ಲಿ ಎಲ್ಲೂ ಹಿಮಗಟ್ಟಲಿಲ್ಲ; ಆ ವರ್ಷ ಅದೇ ಮೊದಲು. ಆಮೇಲೆ ನಡೆದದ್ದನ್ನು ನಾನು ಊಹಿಸಬಲ್ಲೆ, ಏಕೆಂದರೆ ಅದರ ಚಿಕ್ಕ ರೂಪ ನನ್ನ ದಿನನಿತ್ಯದ ಕೆಲಸ. ಅಟ್ಟದ ಕೊಳವೆ ಬಿರಿದರೆ ತೊಟ್ಟಿ ಬರಿದಾಗುತ್ತ ಹೋಗುತ್ತದೆ. ತೇಲುಗುಂಡು ಇಳಿದಂತೆ ಹೊಸ ನೀರು ತುಂಬುತ್ತಲೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದಕ್ಕೆ ಕೊನೆಯಿಲ್ಲ. ಒಳಛಾವಣಿಯಲ್ಲಿ ಮೊದಲು ಕಂದು ಉಂಗುರ, ಆಮೇಲೆ ಉಬ್ಬು. ಆಗ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ, ಕೆಳಗೆ ಬಕೆಟ್ಟಿಟ್ಟು, ಉಬ್ಬಿನ ನಡುವೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೀರಿಳಿಸಬೇಕು. ಇಲ್ಲವಾದರೆ ಇಡೀ ಛಾವಣಿ ಭಾರಕ್ಕೆ ಕುಸಿಯುತ್ತದೆ. ಮರದ ಪಟ್ಟಿಗಳ ಮೇಲೆ ಕೂದಲು ಬೆರೆಸಿ ಮೆತ್ತಿದ ಹಳೆಯ ಸುಣ್ಣದ ಗಾರೆ ನೆನೆದರೂ, ಪಟ್ಟಿಯಿಂದ ಕಳಚದಿದ್ದರೆ ಒಣಗಿ ಮತ್ತೆ ಗಟ್ಟಿಯಾಗುತ್ತದೆ. ಈಗಿನ ಜಿಪ್ಸಮ್ ಹಲಗೆ ನೆನೆದರೆ ಕಿತ್ತೆಸೆಯಬೇಕು. ಗೋಡೆ ಒಂದಂಗುಲ ಒಣಗಲು ಸುಮಾರು ಒಂದು ತಿಂಗಳು ಬೇಕೆಂಬುದು ಕಸುಬಿನವರ ಲೆಕ್ಕ. ಆ ತಾಳ್ಮೆಯಿಲ್ಲದೆ ಬಣ್ಣ ಬಳಿದ ಗೋಡೆಯಲ್ಲಿ ಉಪ್ಪು ಹೂಬಿಡುತ್ತದೆ, ಬೂಸ್ಟು ಹಿಡಿಯುತ್ತದೆ, ಮಕ್ಕಳ ಎದೆಗೆ ಉಬ್ಬಸ ಬರುತ್ತದೆ. ನೀರು ಹೋದ ಮೇಲಿನ ತಿಂಗಳುಗಳೇ ಮನೆಯವರನ್ನು ಹೆಚ್ಚು ಕುಗ್ಗಿಸುವುದು. ಹಾಳಾದ ಫೋಟೋ ಆಲ್ಬಮ್ಮಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತವರಿಗೆ ನಾನು ಕೊಡಬಹುದಾದ ಸಮಾಧಾನ ಬಹಳ ಕಡಿಮೆ.

1963ರ ನಂತರ ದೇಶ ಕೆಲವನ್ನು ಕಲಿತದ್ದು ದಿಟ. 1965ರ ಕಟ್ಟಡ ನಿಯಮಗಳು ಹೊಸ ಮನೆಗಳಲ್ಲಿ ಕಕ್ಕಸಿನ ಕೊಳವೆಯನ್ನು ಗೋಡೆಯ ಒಳಗೆ ತಂದವು. ಮನೆಗೆ ಬರುವ ನೀರಿನ ಕೊಳವೆ ಕನಿಷ್ಠ 750 ಮಿಲಿಮೀಟರ್ ಆಳದಲ್ಲಿರಬೇಕೆಂಬುದು ನಿಯಮ. ಅಟ್ಟದ ನೆಲಕ್ಕೆ ಶಾಖ ತಡೆಯುವ ಹೊದಿಕೆ ಬಂತು. ಆದರೆ ಆ ಹೊದಿಕೆಯಿಂದ ಕೋಣೆಯ ಶಾಖ ಮೇಲೇರದೆ ಅಟ್ಟ ಮೊದಲಿಗಿಂತ ತಣ್ಣಗಾಯಿತು; ತೊಟ್ಟಿಯ ಅಡಿಯಷ್ಟು ಜಾಗದಲ್ಲಿ ಹೊದಿಕೆ ಹಾಸದೆ, ಅಲ್ಲಿಂದ ಶಾಖ ಏರುವಂತೆ ಬಿಡಬೇಕು. ಈ ಚಿಕ್ಕ ಮಾತನ್ನು ಮರೆತ ಅಟ್ಟಗಳನ್ನು ಇಂದಿಗೂ ನೋಡುತ್ತೇನೆ.

ದೊಡ್ಡ ಮರೆವು ಬಂದದ್ದು ಆಮೇಲೆ. ಇಂಧನ ಉಳಿಸಲೆಂದು 2005ರಿಂದ ಇಂಗ್ಲೆಂಡಿನಲ್ಲಿ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳೆಲ್ಲ ಹೊಗೆಯ ಆವಿಯನ್ನೂ ನೀರಾಗಿಸಿ ಅದರ ಶಾಖ ಹೀರುವ ಬಗೆಯವಾಗಿರಬೇಕೆಂದಾಯಿತು. ಒಳ್ಳೆಯ ನಿಯಮವೇ. ಆ ನೀರು ಹೊರಹೋಗಲು ಒಂದು ಸಪೂರ ಪ್ಲಾಸ್ಟಿಕ್ ಕೊಳವೆ ಬೇಕು. ಕೂರಿಸುವವರು ಹತ್ತಿರದ ದಾರಿ ಹಿಡಿದು ಸಾವಿರಾರು ಮನೆಗಳಲ್ಲಿ ಅದನ್ನು ಹೊರಗೋಡೆಗೆ ಇಳಿಬಿಟ್ಟರು. 2010ರ ಡಿಸೆಂಬರ್ ನೂರು ವರ್ಷಗಳಲ್ಲೇ ಅತ್ಯಂತ ತಣ್ಣನೆಯದಾಯಿತು. ಆ ಕೊಳವೆಗಳು ಹೆಪ್ಪುಗಟ್ಟಿ ಬಾಯ್ಲರುಗಳು ನಿಂತವು. ಬೆಚ್ಚಗಿರಲೇಬೇಕಾದ ದಿನವೇ ಮನೆಗಳು ತಣ್ಣಗಾದವು. ಹೊರಗೆ ಹಾಯುವ ಆ ಕೊಳವೆಯ ಒಳವ್ಯಾಸ ಕನಿಷ್ಠ 30 ಮಿಲಿಮೀಟರ್ ಇರಬೇಕು, ಹೊದಿಕೆ ಬೇಕು ಎನ್ನುವ ಮಾರ್ಗಸೂಚಿಗೆ ಅಷ್ಟು ಜನ ನಡುಗಬೇಕಾಯಿತು.

ಅದೇ ತಿಂಗಳು ಉತ್ತರ ಐರ್ಲೆಂಡಿನಲ್ಲಿ ಮೈನಸ್ 18.7 ಡಿಗ್ರಿ ದಾಖಲಾಯಿತು. ಕ್ರಿಸ್‌ಮಸ್ ಮುಗಿದೊಡನೆ ಹಿಮ ಕರಗಿತು. ರಜೆಗೆಂದು ಬೀಗ ಹಾಕಿದ್ದ ಮನೆ, ಕಚೇರಿಗಳಲ್ಲಿ ಕೊಳವೆಗಳು ಒಟ್ಟಿಗೇ ಸೋರತೊಡಗಿ ಜಲಾಶಯಗಳು ತಳಕಂಡವು. ಒಂದು ಹಂತದಲ್ಲಿ ಸುಮಾರು 40,000 ಮನೆಗಳಿಗೆ ನೀರಿರಲಿಲ್ಲ. ನೀರು ಸರಬರಾಜು ಸಂಸ್ಥೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. 2018ರ ಮಾರ್ಚಿನಲ್ಲಿ ಹಿಮ ಕರಗಿದಾಗ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರು ನಾಲ್ಕು ಗಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇದ್ದರು.

ಬೆಚ್ಚನೆಯ ನಾಲ್ಕಾರು ಚಳಿಗಾಲ ಸಾಲಾಗಿ ಬಂದರೆ ಸಾಕು, ಒಂದು ಕಡುಚಳಿಯ ಪಾಠ ಅಳಿಸಿಹೋಗುತ್ತದೆ. ಹವೆ ಬೆಚ್ಚಗಾಗುತ್ತಿರುವ ಈ ಕಾಲದಲ್ಲಿ ಅಂಥ ಸಾಲುಗಳು ಇನ್ನೂ ಉದ್ದವಾಗಲಿವೆ; ಆದರೆ ಮೈನಸ್ ಏಳು ಡಿಗ್ರಿಯ ರಾತ್ರಿ ಬರುವುದು ನಿಂತಿಲ್ಲ. ಹಾಗಾಗಿ ನೆನಪನ್ನು ಮನುಷ್ಯರ ತಲೆಗೆ ಬಿಡಬಾರದು, ಕಾಗದಕ್ಕೆ ಇಳಿಸಬೇಕು ಎನ್ನುವುದು ನನ್ನ ಬೇಡಿಕೆ. ನಾನು ಓದುವ ಮನೆಪತ್ರಗಳಲ್ಲಿ ವಿಕ್ಟೋರಿಯಾ ಕಾಲದ ಮಾಲೀಕರ ಹೆಸರಿರುತ್ತದೆ, ಓಣಿಯ ಹಕ್ಕಿನ ವಿವರವಿರುತ್ತದೆ, ಕೋಳಿ ಸಾಕಬಾರದೆಂಬ ಷರತ್ತೂ ಇರುತ್ತದೆ. ನೀರಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದನ್ನು ನಿಲ್ಲಿಸುವ ಸ್ಟಾಪ್‌ಕಾಕ್ ಯಾವ ಮೂಲೆಯಲ್ಲಿದೆ ಎಂಬ ಒಂದು ಸಾಲೂ ಇರುವುದಿಲ್ಲ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ, ಅದರ ನಕ್ಷೆಯನ್ನು ಬೀಗದ ಕೈಯ ಜೊತೆಗೇ ಕೊಡಬೇಕೆಂದು ಕಾನೂನಾಗಬೇಕು. ಅದು ಆಗುವವರೆಗೆ ನಾನು ಹೋದ ಪ್ರತಿ ಮನೆಯಲ್ಲೂ ಅಂಥದೊಂದು ನಕ್ಷೆ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿ, ಮನೆಯ ಮಕ್ಕಳ ಕೈಯಿಂದಲೂ ಒಮ್ಮೆ ಸ್ಟಾಪ್‌ಕಾಕ್ ತಿರುಗಿಸಿಯೇ ಹೊರಡುತ್ತೇನೆ.