ತೆರವಾದ ಸ್ಥಾನ: ಬಳ್ಳಾರಿ ಸೀಮೆಯ ಉಪಚುನಾವಣೆಗಳು

‘ಉಪ’ ಎಂಬ ಪೂರ್ವಪದಕ್ಕೆ ನಮ್ಮ ಭಾಷೆಯಲ್ಲಿ ಅಷ್ಟೇನೂ ಗೌರವವಿಲ್ಲ. ಉಪಕಥೆ, ಉಪನದಿ, ಉಪಾಧ್ಯಕ್ಷ ಎಂದಾಗಲೆಲ್ಲ ಮುಖ್ಯವಾದದ್ದು ಬೇರೆಲ್ಲೋ ಇದೆ ಎಂಬ ಭಾವನೆ ಮನಸ್ಸಿನಲ್ಲಿ ಮೂಡುತ್ತದೆ. ಆದರೆ ಮಹಾಭಾರತದಿಂದ ನಳೋಪಾಖ್ಯಾನವನ್ನೂ ಸಾವಿತ್ರಿಯ ಉಪಾಖ್ಯಾನವನ್ನೂ ತೆಗೆದುಹಾಕಿದರೆ ನಷ್ಟವೆಷ್ಟೆಂಬುದನ್ನು ಓದಿದವರು ಬಲ್ಲರು. ಬಳ್ಳಾರಿ ತಾಲ್ಲೂಕಿನ ಮೋಕ ಹೋಬಳಿಯ ರೈತನಿಗೆ ವೇದಾವತಿ, ಎಂದರೆ ಹಗರಿ, ತುಂಗಭದ್ರೆಯ ಉಪನದಿಯೆಂಬುದು ಭೂಗೋಳದ ಪಾಠ ಮಾತ್ರ. ಅವನ ಹೊಲದ ಅಂಚಿನಲ್ಲಿ ಹರಿಯುವುದು ಹಗರಿಯೇ. ಉಪಚುನಾವಣೆಯನ್ನೂ ಹೀಗೆ ಅದು ನಡೆದ ಊರಿನ ಕಡೆಯಿಂದ ನೋಡಬಹುದೇ ಎಂಬುದು ಈ ಭಾಷಣದ ಆಶಯ.

ನಮ್ಮ ಜನತಾ ಪ್ರಾತಿನಿಧ್ಯ ಕಾಯಿದೆಯು ಅವಧಿಗೆ ಮುನ್ನ ತೆರವಾಗುವ ಸ್ಥಾನವನ್ನು ಆಕಸ್ಮಿಕವಾಗಿ ತೆರವಾದ ಸ್ಥಾನವೆಂದು ಕರೆಯುತ್ತದೆ. ಸದಸ್ಯನೊಬ್ಬ ತೀರಿಕೊಳ್ಳುವುದು ಆಕಸ್ಮಿಕವೆಂಬುದನ್ನು ಯಾರೂ ಒಪ್ಪುತ್ತಾರೆ. ಆದರೆ 2000ದಿಂದ 2024ರವರೆಗೆ ಬಳ್ಳಾರಿ ಸೀಮೆ ಕಂಡ ಆರು ಉಪಚುನಾವಣೆಗಳನ್ನು ಇಲ್ಲಿ ನಾನು ಎತ್ತಿಕೊಳ್ಳುತ್ತೇನೆ. ಅವುಗಳಲ್ಲಿ ಒಂದಕ್ಕೂ ಮರಣ ಕಾರಣವಲ್ಲ. ಆರರಲ್ಲಿಯೂ ಗೆದ್ದವರು ತಾವಾಗಿಯೇ ಎದ್ದುಹೋದರು. ಹಾಗೆ ಎದ್ದುಹೋದಾಗ ಆ ಸ್ಥಾನ ಯಾರದು? ಹೋದವರದೇ, ಅವರ ಪಕ್ಷದ್ದೇ, ಅಥವಾ ಮತ ಹಾಕಿದವರದೇ? ಈ ಸೀಮೆಯ ಮತದಾರರು ಈ ಪ್ರಶ್ನೆಗೆ ಬೇರೆ ಬೇರೆ ಸಲ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ.

ಈ ಪದ್ಧತಿಯ ಬೇರು ಇರುವುದು ಇಂಗ್ಲೆಂಡಿನಲ್ಲಿ. ಅಲ್ಲಿನ ಕಾಮನ್ಸ್ ಸಭೆಯ ಸದಸ್ಯನಿಗೆ ರಾಜೀನಾಮೆ ಕೊಡುವ ಅಧಿಕಾರವೇ ಇಲ್ಲ. 1624ರಷ್ಟು ಹಿಂದೆಯೇ ಆ ಸಭೆ ಹೀಗೆಂದು ನಿರ್ಣಯಿಸಿತು. ಊರಿನವರು ಒಪ್ಪಿಸಿದ ಹೊಣೆಯನ್ನು ಹೊತ್ತವನು ತಾನಾಗಿ ಕೆಳಗಿಡುವಂತಿಲ್ಲ ಎಂಬುದು ಅದರ ತಾತ್ಪರ್ಯ. ಬಿಡಲೇಬೇಕೆಂದಿದ್ದರೆ ರಾಜನ ಹೆಸರಿನ ಒಂದು ನಾಮಮಾತ್ರದ ಹುದ್ದೆಯನ್ನು ಬೇಡಿ ಪಡೆದು, ಆ ನೆಪದಿಂದ ಸ್ಥಾನ ಕಳೆದುಕೊಳ್ಳಬೇಕು. ಇಂದಿಗೂ ಅಲ್ಲಿ ಇದೇ ನಾಟಕ ನಡೆಯುತ್ತದೆ. ಇದಕ್ಕಿಂತ ಸ್ವಾರಸ್ಯಕರವಾದ ಇನ್ನೊಂದು ನಿಯಮವಿತ್ತು. ಸದಸ್ಯನು ಮಂತ್ರಿಯಾದರೆ ತನ್ನ ಕ್ಷೇತ್ರಕ್ಕೆ ಮರಳಿ ಹೋಗಿ ಮತ್ತೊಮ್ಮೆ ಆರಿಸಿ ಬರಬೇಕಾಗಿತ್ತು. 1908ರಲ್ಲಿ ಮಂತ್ರಿಮಂಡಲ ಸೇರಿದ ವಿನ್‌ಸ್ಟನ್ ಚರ್ಚಿಲ್ ಹೀಗೆ ಮ್ಯಾಂಚೆಸ್ಟರಿಗೆ ಹೋಗಿ ಸೋತು, ಡಂಡೀ ಎಂಬ ಊರಿನಿಂದ ಗೆದ್ದು ಬರಬೇಕಾಯಿತು. 1926ರಲ್ಲಿ ಈ ನಿಯಮ ಪೂರ್ಣವಾಗಿ ಹೋಯಿತು. ಅದು ಇಲ್ಲಿಗೂ ಬಂದಿದ್ದರೆ ನಮ್ಮ ಮಂತ್ರಿಮಂಡಲಗಳು ಎಷ್ಟು ಚಿಕ್ಕದಾಗಿರುತ್ತಿದ್ದವು ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ನಮ್ಮ ಸಂವಿಧಾನ ರಾಜೀನಾಮೆಯ ಬಾಗಿಲನ್ನು ತೆರೆದೇ ಇಟ್ಟಿತು. ಸಭಾಧ್ಯಕ್ಷರಿಗೆ ಸ್ವಹಸ್ತದ ಒಂದು ಪತ್ರ ಸಾಕು. ಆ ಪತ್ರ ಸ್ವಇಚ್ಛೆಯದೇ, ನಿಜವಾದದ್ದೇ ಎಂದು ಸಭಾಧ್ಯಕ್ಷರು ವಿಚಾರಿಸಿ ನೋಡಬೇಕೆಂಬ ಮಾತು ಸೇರಿದ್ದು 1974ರ ತಿದ್ದುಪಡಿಯಲ್ಲಿ. ಗುಜರಾತಿನಲ್ಲಿ ಚಳವಳಿಯ ಒತ್ತಡಕ್ಕೆ ಸಿಕ್ಕ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟ ಅನಂತರ.

ಕರ್ನಾಟಕದಲ್ಲಿ ಬಹುಕಾಲ ಈ ಬಾಗಿಲು ಬಳಕೆಯಾದದ್ದು ದೊಡ್ಡವರನ್ನು ಒಳಗೆ ಕರೆತರಲು. 1962ರ ಚುನಾವಣೆಯಲ್ಲಿ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಎಸ್. ಆರ್. ಕಂಠಿಯವರು ಮೂರು ತಿಂಗಳಷ್ಟು ಕಾಲ ಮುಖ್ಯಮಂತ್ರಿಯಾಗಿದ್ದರು. ಅಷ್ಟರಲ್ಲಿ ಬಾಗಲಕೋಟೆಯ ಸ್ಥಾನ ತೆರವಾಗಿ, ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾಗಿ ಅಧಿಕಾರ ವಹಿಸಿಕೊಂಡರು. 1983ರಲ್ಲಿ ಶಾಸಕರಲ್ಲದೆಯೇ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರಿಗಾಗಿ ಪಿ. ಜಿ. ಆರ್. ಸಿಂಧ್ಯಾ ಅವರು ಕನಕಪುರವನ್ನು ಬಿಟ್ಟುಕೊಟ್ಟರು. ಇವೆರಡರ ನಡುವೆ, 1978ರ ನವೆಂಬರಿನಲ್ಲಿ, ಚಿಕ್ಕಮಗಳೂರು ಇಡೀ ದೇಶದ ಕಣ್ಣು ಸೆಳೆಯಿತು. ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಲೋಕಸಭಾ ಸ್ಥಾನಕ್ಕೆ ಇಂದಿರಾ ಗಾಂಧಿಯವರು ನಿಂತರು. ಎದುರಾಳಿ ವೀರೇಂದ್ರ ಪಾಟೀಲರು. 77,333 ಮತಗಳ ಅಂತರದಿಂದ ಗೆದ್ದ ಇಂದಿರಾ ಅವರನ್ನು ಆರು ವಾರ ಕಳೆಯುತ್ತಲೇ, ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆಪಾದನೆಯ ಮೇಲೆ ಲೋಕಸಭೆ ಹೊರಹಾಕಿತು. ಚಿಕ್ಕಮಗಳೂರಿನ ಮತದಾರನಿಗೆ ಒಂದೇ ವರ್ಷದಲ್ಲಿ ತನ್ನ ಸ್ಥಾನ ಎರಡು ಸಲ ಖಾಲಿಯಾದದ್ದನ್ನು ನೋಡುವ ಭಾಗ್ಯ.

ಇನ್ನು ಬಳ್ಳಾರಿಗೆ ಬರೋಣ. ಯಾರ ಸಭೆಗೆ ಮತ ಹಾಕಬೇಕೆಂಬುದೇ ಒಮ್ಮೆ ಈ ಸೀಮೆಯಲ್ಲಿ ಪ್ರಶ್ನೆಯಾಗಿತ್ತು. 1952ರಲ್ಲಿ ಮೋಕದವರು ಮತ ಹಾಕಿದ್ದು ಮದ್ರಾಸಿನ ವಿಧಾನಸಭೆಗೆ. ಆಂಧ್ರ ರಾಜ್ಯ ರಚನೆಯಾಗುವಾಗ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. ಬಳ್ಳಾರಿ ತಾಲ್ಲೂಕಿನ ಭವಿಷ್ಯವನ್ನು ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆಗೆ ಒಪ್ಪಿಸಲಾಯಿತು. 1953ರ ಅಕ್ಟೋಬರ್ 1ರಂದು ಈ ತಾಲ್ಲೂಕು ಮೈಸೂರಿಗೆ ಸೇರಿತು. ಎರಡೇ ವರ್ಷದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ಮತ್ತೆ ಇದನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಪುಣ್ಯಕ್ಕೆ ಆ ಸಲಹೆ ಜಾರಿಗೆ ಬರಲಿಲ್ಲ. ಆಗ ಇಲ್ಲಿನವರಿಂದ ಸಾಕ್ಷ್ಯ ಕೇಳಿದರು, ಮನವಿ ಪಡೆದರು, ಮತ ಕೇಳಲಿಲ್ಲ. ಕೇಳದೆಯೇ ಎಷ್ಟೋ ನಿಶ್ಚಯಗಳಾಗಿಹೋದ ಗಡಿನಾಡಿನಲ್ಲಿ, ಮುಂದೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವ ಕಾಲವೂ ಬಂತು.

ಅದರ ಆರಂಭ 1999ರ ಮಹಾಚುನಾವಣೆ. ಸೋನಿಯಾ ಗಾಂಧಿಯವರು ಅಮೇಠಿಯಲ್ಲೂ ಬಳ್ಳಾರಿಯಲ್ಲೂ ನಿಂತರು. ಸುಷ್ಮಾ ಸ್ವರಾಜ್ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು, ಸಭೆಗಳಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಸೋತರೂ ಆ ಕನ್ನಡವನ್ನು ಈ ಕಡೆಯವರು ಬಹುಕಾಲ ನೆನೆದರು. ಸೋನಿಯಾ 56,100 ಮತಗಳಿಂದ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡರು, ಬಳ್ಳಾರಿಯನ್ನು ಬಿಟ್ಟರು. ಒಬ್ಬರು ಎರಡು ಕಡೆ ಗೆದ್ದರೆ ಒಂದನ್ನು ಬಿಡಲೇಬೇಕು, ಇದು ಕಾನೂನು. ಆದರೆ ಬಿಡುವುದು ಯಾವುದನ್ನು ಎಂಬುದರಲ್ಲಿ ಮತದಾರನ ಪಾಲೇನೂ ಇಲ್ಲ. 2000ದಲ್ಲಿ ನಡೆದ ಉಪಚುನಾವಣೆಯಲ್ಲಿ ಅದೇ ಕಾಂಗ್ರೆಸ್ಸಿನ ಕೋಳೂರು ಬಸವನಗೌಡರು ಗೆದ್ದರು. ಹೆಸರಿನಲ್ಲಿರುವ ಕೋಳೂರು ಕುರುಗೋಡಿನ ಕಡೆಯ ಹಳ್ಳಿ. ದೆಹಲಿಯ ಇಬ್ಬರು ನಾಯಕಿಯರು ಹೋರಾಡಿದ ಕಣ ಕೊನೆಗೆ ಊರವನ ಕೈಗೆ ಬಂದದ್ದು ನನಗಂತೂ ಹಿತವಾದ ಸಂಗತಿ. ಇಂತಹ ಉಪಚುನಾವಣೆಯ ವೆಚ್ಚವನ್ನು ಎರಡು ಕಡೆ ಗೆದ್ದವರಿಂದಲೇ ವಸೂಲು ಮಾಡಬಾರದೇಕೆ ಎಂದು ಚುನಾವಣಾ ಆಯೋಗ 2004ರಲ್ಲಿ ಸಲಹೆ ಮಾಡಿತು. ಸರ್ಕಾರಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಕುರುಗೋಡು ಎಂಬ ವಿಧಾನಸಭಾ ಕ್ಷೇತ್ರ ಅಳಿಸಿಹೋಯಿತು. ಮೋಕದ ಹಳ್ಳಿಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಬಳ್ಳಾರಿ ಗ್ರಾಮಾಂತರ ಕ್ಷೇತ್ರದಲ್ಲಿ ಸೇರಿದವು. ಆ ವರ್ಷ ಅಲ್ಲಿ ಭಾರತೀಯ ಜನತಾ ಪಕ್ಷದಿಂದ ಗೆದ್ದು ಮಂತ್ರಿಯಾದವರು ಬಿ. ಶ್ರೀರಾಮುಲು.

2011ರ ಮಳೆಗಾಲ ಈ ಜಿಲ್ಲೆಯ ಇತಿಹಾಸದಲ್ಲಿ ಮರೆಯುವಂಥದಲ್ಲ. ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಬಗ್ಗೆ ತಮ್ಮ ವರದಿಯನ್ನು ಸಲ್ಲಿಸಿದರು. ತಿಂಗಳು ಮುಗಿಯುವುದರೊಳಗೆ ಬಿ. ಎಸ್. ಯಡಿಯೂರಪ್ಪನವರು ಅಧಿಕಾರ ಬಿಟ್ಟರು. ಆಗಸ್ಟ್ 4ರಂದು ಡಿ. ವಿ. ಸದಾನಂದ ಗೌಡರು ಮುಖ್ಯಮಂತ್ರಿಯಾದರು. ಹೊಸ ಮಂತ್ರಿಮಂಡಲದಲ್ಲಿ ಶ್ರೀರಾಮುಲು ಅವರಿಗೆ ಸ್ಥಾನ ದೊರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಶಾಸಕತ್ವಕ್ಕೆ ರಾಜೀನಾಮೆ ಕೊಟ್ಟರು. ಅದೇ ತಿಂಗಳ 5ರಂದು ಅವರ ಆಪ್ತ, ಮಾಜಿ ಮಂತ್ರಿ ಜಿ. ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಗಣಿಯ ಪ್ರಕರಣದಲ್ಲಿ ಸಿ.ಬಿ.ಐ. ಬಂಧಿಸಿತು. ಬಳ್ಳಾರಿಯ ಅದಿರು ದೇಶದ ಮಾತಾಗಿದ್ದ ಆ ದಿನಗಳಲ್ಲಿ, ನವೆಂಬರ್ 30ರಂದು, ಬಳ್ಳಾರಿ ಗ್ರಾಮಾಂತರದಲ್ಲಿ ಮತದಾನ ನಡೆಯಿತು. ಬಿಟ್ಟುಹೋದ ಸ್ಥಾನವನ್ನೇ ಶ್ರೀರಾಮುಲು ಪಕ್ಷೇತರರಾಗಿ ಮತ್ತೆ ಕೇಳಿದರು.

ಫಲಿತಾಂಶ ಡಿಸೆಂಬರ್ 4ರಂದು ಬಂತು. ಶ್ರೀರಾಮುಲು ಅವರಿಗೆ 74,527 ಮತ. ಎರಡನೆಯವರಾದ ಕಾಂಗ್ರೆಸ್ಸಿನ ರಾಮಪ್ರಸಾದ್ ಅವರಿಗೆ 27,737. ರಾಜ್ಯವನ್ನಾಳುತ್ತಿದ್ದ ಪಕ್ಷದ ಅಭ್ಯರ್ಥಿ ಗಾದಿಲಿಂಗಪ್ಪ ಅವರಿಗೆ 17,366. ಚಲಾವಣೆಯಾದ ಮತಗಳ ಆರನೆಯ ಒಂದು ಭಾಗವೂ ದೊರೆಯದ ಕಾರಣ ಆಳುವ ಪಕ್ಷ ಠೇವಣಿ ಕಳೆದುಕೊಂಡಿತು. ಉಪಚುನಾವಣೆ ಸರ್ಕಾರದ ಪಕ್ಷಕ್ಕೇ ಒಲಿಯುತ್ತದೆಂಬುದು ನಮ್ಮಲ್ಲಿ ಗಾದೆಯಂತೆ ಹಬ್ಬಿದ ಮಾತು. ಆ ಮಾತು ಇಲ್ಲಿ ನಿಲ್ಲಲಿಲ್ಲ.

ಇದನ್ನು ಹೇಗೆ ಓದಬೇಕು? ಬೆಂಗಳೂರಿನಲ್ಲಿ ಕುಳಿತವರಿಗೆ ಇದು ಹಣದ ಗೆಲವು, ಲೋಕಾಯುಕ್ತರ ವರದಿಗೆ ತೋರಿದ ತಿರಸ್ಕಾರ. ಹಣದ ಮಾತನ್ನು ತಳ್ಳಿಹಾಕುವಷ್ಟು ಮುಗ್ಧನು ನಾನಲ್ಲ. ಆದರೆ ಹಣವೊಂದೇ ಗೆಲ್ಲಿಸುವುದಾದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಗ್ರಾಮಾಂತರದ ಬಹುಮಂದಿಗೆ ಗಣಿ ಇದ್ದದ್ದು ಸಂಡೂರಿನ ಗುಡ್ಡಗಳಲ್ಲಿ, ಅದಿರಿನ ಲಾರಿಗಳು ಓಡಿದ ಹೆದ್ದಾರಿಗಳಲ್ಲಿ. ಮೋಕದ ಕಪ್ಪುಮಣ್ಣಿನಲ್ಲಿ ಇದ್ದದ್ದು ಹತ್ತಿ, ಮೆಣಸಿನಕಾಯಿ, ಕಾಲುವೆಯ ನೀರು ಮುಟ್ಟಿದಲ್ಲಿ ಭತ್ತ. ವಾಲ್ಮೀಕಿ ನಾಯಕ ಸಮುದಾಯದ ಒಬ್ಬನು ಮಂತ್ರಿಯಾದದ್ದು, ಅನಂತರ ಹೊರಗುಳಿದದ್ದು, ಇವು ಹಳ್ಳಿಯ ಕಟ್ಟೆಗೆ ವರದಿಯ ಪುಟಗಳಿಗಿಂತ ಹತ್ತಿರದ ಸಂಗತಿಗಳು. ಅವರು ತೀರ್ಪು ಕೊಟ್ಟದ್ದು ಗಣಿಯ ಮೇಲಲ್ಲ, ಒಂದು ಅವಮಾನದ ಮೇಲೆ ಎಂಬುದು ನನ್ನ ಊಹೆ. ಅದು ಸರಿಯಾದ ತೀರ್ಪೇ ಎಂಬುದು ಬೇರೆ ಚರ್ಚೆ.

ಆ ಬಳಿಕ ಬಿ.ಎಸ್.ಆರ್. ಕಾಂಗ್ರೆಸ್ ಎಂಬ ಸ್ವಂತ ಪಕ್ಷ ಕಟ್ಟಿದ ಶ್ರೀರಾಮುಲು 2013ರಲ್ಲಿಯೂ ಗ್ರಾಮಾಂತರವನ್ನು ಗೆದ್ದರು. ಮರುವರ್ಷ ಹಳೆಯ ಪಕ್ಷಕ್ಕೆ ಹಿಂತಿರುಗಿ ಬಳ್ಳಾರಿಯಿಂದ ಲೋಕಸಭೆಗೆ ಹೋದರು; ಎರಡು ಸಭೆಗಳಲ್ಲಿ ಒಬ್ಬರೇ ಕೂರುವಂತಿಲ್ಲವಾಗಿ ಗ್ರಾಮಾಂತರ ಮತ್ತೆ ತೆರವಾಯಿತು. 2014ರ ಆಗಸ್ಟ್ 21ರಂದು ಮೋಕದವರು ಮೂರು ವರ್ಷದೊಳಗೆ ಎರಡನೆಯ ಉಪಚುನಾವಣೆಗೆ ಸಾಲಿನಲ್ಲಿ ನಿಂತರು. ಈ ಸಲ ಭಾರತೀಯ ಜನತಾ ಪಕ್ಷದ ಓಬಳೇಶ್ ಅವರನ್ನು ಕಾಂಗ್ರೆಸ್ಸಿನ ಎನ್. ವೈ. ಗೋಪಾಲಕೃಷ್ಣ ಅವರು 33,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಗೆದ್ದವರ ಪಕ್ಷ ಆಗ ರಾಜ್ಯದಲ್ಲಿ ಅಧಿಕಾರದಲ್ಲಿತ್ತು, ನಿಜ. ಆದರೂ ಪಕ್ಷ ಬಿಟ್ಟು ಒಂಟಿಯಾಗಿ ಬಂದವನ ಬೆನ್ನಿಗೆ ನಿಂತ ಹಳ್ಳಿಗಳೇ, ಅವನು ದೆಹಲಿಗೆ ಹೋಗಿ ಇನ್ನೊಬ್ಬನನ್ನು ಮುಂದೆ ಮಾಡಿದಾಗ ಒಪ್ಪಲಿಲ್ಲವೆಂಬುದು ಅಷ್ಟೇ ನಿಜ. ಹಣವಷ್ಟೇ ಎಂದವರು ಇದಕ್ಕೆ ಉತ್ತರ ಹೇಳಬೇಕು.

ಎಲ್ಲ ಕಡೆಯೂ ಹೀಗೆಯೇ ಆಯಿತೆಂದು ಹೇಳಲು ಬಾರದು. ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ಹೊಸಪೇಟೆಯಲ್ಲಿ 2019ರ ಜುಲೈನಲ್ಲಿ ಆನಂದ್ ಸಿಂಗ್ ರಾಜೀನಾಮೆ ಕೊಟ್ಟರು, ಅನರ್ಹರೆನಿಸಿಕೊಂಡರು, ಸ್ಪರ್ಧೆಗೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಪಕ್ಷ ಬದಲಿಸಿ ನಿಂತು ಡಿಸೆಂಬರಿನಲ್ಲಿ ಸಲೀಸಾಗಿ ಗೆದ್ದರು. ಸಂಡೂರಿನಲ್ಲಿ ಇ. ತುಕಾರಾಂ 2024ರಲ್ಲಿ ಲೋಕಸಭೆಗೆ ಹೋದಾಗ, ನವೆಂಬರ್ 13ರ ಉಪಚುನಾವಣೆಯಲ್ಲಿ ಅವರ ಪತ್ನಿ ಇ. ಅನ್ನಪೂರ್ಣ ಅವರು ಬಂಗಾರು ಹನುಮಂತು ಅವರ ವಿರುದ್ಧ ಗೆದ್ದರು. ಅಲ್ಲಿ ಸ್ಥಾನ ಮನೆಯಲ್ಲಿಯೇ ಉಳಿಯಿತು. ಆದರೆ ಹಿಂದಿನ ವರ್ಷ ಪತಿಗೆ 35,000ಕ್ಕೂ ಹೆಚ್ಚು ಇದ್ದ ಅಂತರ ಪತ್ನಿಗೆ 9,649ಕ್ಕೆ ಇಳಿದಿತ್ತು.

2018ರದನ್ನು ಕೊನೆಗೆಂದೇ ಇಟ್ಟುಕೊಂಡಿದ್ದೇನೆ. ಆ ವರ್ಷದ ಮೇ ತಿಂಗಳಲ್ಲಿ ಶ್ರೀರಾಮುಲು ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಗೆದ್ದು ಲೋಕಸಭಾ ಸ್ಥಾನವನ್ನು ಬಿಟ್ಟರು. ಆ ಲೋಕಸಭೆಯ ಆಯುಸ್ಸು 2019ರ ಜೂನ್ 3ರವರೆಗೆ. ತೆರವಾದ ಸ್ಥಾನದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಉಪಚುನಾವಣೆ ಬೇಡ. ಹೆಚ್ಚಿದ್ದರೆ ಆರು ತಿಂಗಳೊಳಗೆ ನಡೆಸಲೇಬೇಕು. ಇದು 1996ರಿಂದ ಬಂದ ನಿಯಮ. ಪಕ್ಕದ ಆಂಧ್ರದಲ್ಲಿ ಅದೇ ವರ್ಷ ಐವರು ಲೋಕಸಭಾ ಸದಸ್ಯರು ಕೊಟ್ಟ ರಾಜೀನಾಮೆ ಜೂನ್ 20ರಂದು ಅಂಗೀಕಾರವಾಯಿತು. ವರ್ಷಕ್ಕೆ ಕೆಲವೇ ದಿನ ಕಡಿಮೆ. ಅಲ್ಲಿ ಐದೂ ಸ್ಥಾನ ಖಾಲಿ ಉಳಿದವು. ಇಲ್ಲಿ ಮೇ ತಿಂಗಳಲ್ಲೇ ತೆರವಾಗಿದ್ದರಿಂದ ಕೆಲವು ದಿನ ಹೆಚ್ಚಾಯಿತು. ಅಷ್ಟಕ್ಕೇ ಹಗರಿಯ ಈಚೆ ದಡದವರು ನವೆಂಬರ್ 3ರಂದು ಮತಗಟ್ಟೆಗೆ ನಡೆದರು.

ಶ್ರೀರಾಮುಲು ಅವರ ಸೋದರಿ, 2009ರಲ್ಲಿ ಇದೇ ಸ್ಥಾನ ಗೆದ್ದಿದ್ದ ಜೆ. ಶಾಂತಾ ಒಂದು ಕಡೆ. ಕಾಂಗ್ರೆಸ್ ಮತ್ತು ಜನತಾದಳಗಳ ಮೈತ್ರಿಯ ವಿ. ಎಸ್. ಉಗ್ರಪ್ಪ ಇನ್ನೊಂದು ಕಡೆ. ಉಗ್ರಪ್ಪನವರಿಗೆ 6,28,365 ಮತ, ಶಾಂತಾ ಅವರಿಗೆ 3,85,204. ಎರಡು ಲಕ್ಷ ನಲವತ್ತಮೂರು ಸಾವಿರದ ಅಂತರ. ಪತ್ರಿಕೆಗಳು ಒಂದು ಯುಗ ಮುಗಿಯಿತೆಂದು ಬರೆದವು. ಆದರೆ ಅದೇ ಮತದಾರರು, ಅದೇ ಮತಗಟ್ಟೆಗಳಲ್ಲಿ, 2019ರ ಏಪ್ರಿಲ್ 23ರಂದು ಮಹಾಚುನಾವಣೆಗೆ ನಿಂತರು. ನಡುವೆ ಕಳೆದದ್ದು ಆರು ತಿಂಗಳೂ ಅಲ್ಲ. ಆ ಎಣಿಕೆಯಲ್ಲಿ ಭಾರತೀಯ ಜನತಾ ಪಕ್ಷದ ವೈ. ದೇವೇಂದ್ರಪ್ಪನವರು ಉಗ್ರಪ್ಪನವರನ್ನು 55,707 ಮತಗಳಿಂದ ಸೋಲಿಸಿದರು.