ಸ್ಕಾಟ್ಲೆಂಡಿನ ಫಸ್ಟ್ ಮಿನಿಸ್ಟರ್

ಯುನೈಟೆಡ್ ಕಿಂಗ್‌ಡಮ್ಮಿನೊಳಗೆ ಸ್ವಯಮಾಡಳಿತ ಪಡೆದಿರುವ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ. 1998ರ ಸ್ಕಾಟ್ಲೆಂಡ್ ಕಾಯಿದೆಯಿಂದ ಸೃಷ್ಟಿಯಾದ ಈ ಹುದ್ದೆ 1999ರಲ್ಲಿ ಜಾರಿಗೆ ಬಂತು. ಸ್ಕಾಟಿಷ್ ಪಾರ್ಲಿಮೆಂಟ್ ತನ್ನ ಸದಸ್ಯರಲ್ಲೊಬ್ಬರನ್ನು ಮತದಾನದಿಂದ ಈ ಹುದ್ದೆಗೆ ಹೆಸರಿಸುತ್ತದೆ. ಹಾಗೆ ಹೆಸರಿಸಿದವರನ್ನು ರಾಜ ಅಥವಾ ರಾಣಿ ನೇಮಿಸುತ್ತಾರೆ. ಚುನಾವಣೆಯ ಬಳಿಕ ಹೆಸರಿಸಲು 28 ದಿನಗಳ ಗಡುವಿದೆ. ಸಂಪುಟದ ಮಂತ್ರಿಗಳನ್ನು ಪಾರ್ಲಿಮೆಂಟಿನ ಒಪ್ಪಿಗೆ ಪಡೆದೇ ನೇಮಿಸಬೇಕೆಂಬುದು ಈ ಹುದ್ದೆಯ ಗಮನಾರ್ಹ ಕಟ್ಟುಪಾಡು; ಬ್ರಿಟನ್ನಿನ ಪ್ರಧಾನಿಗೆ ಅಂಥ ನಿರ್ಬಂಧವಿಲ್ಲ. ಆರೋಗ್ಯ, ಶಿಕ್ಷಣ, ನ್ಯಾಯಾಡಳಿತಗಳು ಸ್ಕಾಟ್ಲೆಂಡ್ ಸರ್ಕಾರದ ವ್ಯಾಪ್ತಿಯಲ್ಲಿವೆ. ರಕ್ಷಣೆ, ವಿದೇಶಾಂಗ ವ್ಯವಹಾರಗಳು ಲಂಡನ್ನಿನ ಕೈಯಲ್ಲೇ ಉಳಿದಿವೆ. ಸ್ಕಾಟ್ಲೆಂಡಿನ ರಾಜಮುದ್ರೆಯ ಪಾಲಕತ್ವವೂ ಈ ಹುದ್ದೆಗೆ ಸೇರಿದ್ದು. ಅಧಿಕೃತ ನಿವಾಸ ಎಡಿನ್‌ಬರೋದ ಬ್ಯೂಟ್ ಹೌಸ್. ಮೊದಲು ಅಧಿಕಾರ ವಹಿಸಿದ ಡೊನಾಲ್ಡ್ ಡ್ಯೂವರ್ 2000ದಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. 2014ರಲ್ಲಿ ನಿಕೊಲಾ ಸ್ಟರ್ಜನ್ ಈ ಸ್ಥಾನಕ್ಕೇರಿದ ಮೊದಲ ಮಹಿಳೆಯಾದರು.